ಹದಿನಾಲ್ಕು ನಿಮಿಷದ ಇಂಗ್ಲಿಷು

ಕಳೆದ ಆಷಾಢದ ಒಂದು ಸಂಜೆ ನಮ್ಮಕ್ಕ ಆಸ್ಪತ್ರೆಯ ಕೆಲಸ ಮುಗಿಸಿ ಮನೆಗೆ ಬಂದವಳು, ಕೈಕಾಲು ಕೂಡ ತೊಳೆಯದೆ, “ಲೋ, ನನ್ನನ್ನು ಇಂಗ್ಲಿಷಿನಲ್ಲಿ ಏನಾದರೂ ಕೇಳೋ” ಎಂದಳು. ನಾನೋ ಈ ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ಓದುತ್ತಿರುವವನು. ಆ ಜಂಬದಿಂದಲೇ ಗಂಟಲು ಸರಿಪಡಿಸಿಕೊಂಡು, ನಿಮ್ಮ ಊರಿನ ವಿಚಾರ ಹೇಳಿ ಎಂದು ಕೇಳಿದೆ. ಅಕ್ಕ ಎರಡು ವಾಕ್ಯ ಹೇಳಿ ನಿಂತಳು. “ಹಾಗಾದರೆ ನೀನು ಹೇಳು ನೋಡೋಣ” ಎಂದಳು. ನಾನು ಒಂದೂವರೆ ವಾಕ್ಯಕ್ಕೇ ನಿಂತೆ. ಷೇಕ್ಸ್‌ಪಿಯರನ ದುರಂತ ನಾಯಕರನ್ನು ಕುರಿತು ನಾಲ್ಕು ಪುಟ ಬರೆಯಬಲ್ಲೆನೆಂಬ ಹೆಮ್ಮೆಯುಳ್ಳವನಿಗೆ, ನಮ್ಮ ಊರಿನ ಸಂತೆ ಯಾವ ವಾರ ನಡೆಯುತ್ತದೆ, ಅಲ್ಲಿ ಏನು ಸಿಗುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಈ ಲೇಖನ ಹುಟ್ಟಿದ್ದು ಆ ನಾಚಿಕೆಯಿಂದ.

ಅಕ್ಕ ಕಟ್ಟಿದ್ದು ಐ.ಇ.ಎಲ್.ಟಿ.ಎಸ್. ಎಂಬ ಪರೀಕ್ಷೆಗೆ. ಜನ ಅದನ್ನು ‘ಐಎಲ್ಟ್ಸ್’ ಎಂದೇ ಕರೆಯುತ್ತಾರೆ. ಬ್ರಿಟನ್ನಿನಲ್ಲಿ ದಾದಿಯಾಗಿ ನೋಂದಾಯಿಸಿಕೊಳ್ಳಬೇಕಾದರೆ ಇಂಗ್ಲಿಷ್ ಬಲ್ಲೆನೆಂದು ತೋರಿಸಿಕೊಡುವ ದಾರಿಗಳಲ್ಲಿ ಇದೂ ಒಂದು. ಅಲ್ಲಿಯ ನರ್ಸಿಂಗ್ ಕೌನ್ಸಿಲು ಓದು, ಕೇಳುವಿಕೆ, ಮಾತು ಈ ಮೂರರಲ್ಲಿ 9ಕ್ಕೆ 7 ಅಂಕವನ್ನೂ ಬರವಣಿಗೆಯಲ್ಲಿ 6.5 ಅಂಕವನ್ನೂ ಕೇಳುತ್ತದೆ. ಪರೀಕ್ಷೆಯ ಶುಲ್ಕ ಅಕ್ಕನ ಒಂದು ತಿಂಗಳ ಸಂಬಳಕ್ಕಿಂತ ತುಸು ಹೆಚ್ಚು. ಮೊದಲ ಸಲ ಅವಳಿಗೆ ಮಾತಿನಲ್ಲಿ ಬಂದದ್ದು 6.5. ಉಳಿದ ಮೂರರಲ್ಲಿ ಗೆದ್ದು, ಬಾಯಿ ಮಾತಿನ ಅರ್ಧ ಅಂಕಕ್ಕೆ ಸೋತಳು.

ಇಂಥ ಪರೀಕ್ಷೆಗಳ ಪೂರ್ವೇತಿಹಾಸದಲ್ಲಿ ಅವಳಿಗೆ ಸಮಾಧಾನ ಹೇಳಲು ತಕ್ಕ ಒಂದು ಸಂಗತಿಯುಂಟು. ಕೇಂಬ್ರಿಜ್ ವಿಶ್ವವಿದ್ಯಾನಿಲಯದವರು ಪರದೇಶದವರಿಗಾಗಿ ಇಂಗ್ಲಿಷ್ ಪ್ರೌಢಿಮೆಯ ಪರೀಕ್ಷೆಯನ್ನು ಮೊದಲು ನಡೆಸಿದ್ದು 1913ರಲ್ಲಿ. ಬರಹದ ಜೊತೆಗೆ ಉಕ್ತಲೇಖನ, ಗಟ್ಟಿಯಾಗಿ ಓದುವುದು, ಸಂಭಾಷಣೆ ಎಲ್ಲ ಸೇರಿ ಅದು ಸುಮಾರು 12 ಗಂಟೆಗಳ ಪರೀಕ್ಷೆ. ಕುಳಿತವರು ಮೂವರು, ಮೂವರೂ ಅನುತ್ತೀರ್ಣರಾದರು! ಐ.ಇ.ಎಲ್.ಟಿ.ಎಸ್. ಎಂಬ ಹೆಸರಿನ ಪರೀಕ್ಷೆ ಬಂದದ್ದು 1989ರಲ್ಲಿ. ಅದರ ಮಾತಿನ ಭಾಗಕ್ಕೆ ಈಗಿರುವ ರೂಪ ಕೊಟ್ಟದ್ದು 2001ರಲ್ಲಿ.

ಈಗಿನ ರೂಪದಲ್ಲಿ ಮಾತಿನ ಪರೀಕ್ಷೆ 11ರಿಂದ 14 ನಿಮಿಷ ಮಾತ್ರ. ಎದುರಿಗೆ ಒಬ್ಬರೇ ಪರೀಕ್ಷಕರು. ಆಡಿದ ಮಾತೆಲ್ಲ ಧ್ವನಿಮುದ್ರಣವಾಗುತ್ತದೆ. ಮೊದಲ ನಾಲ್ಕೈದು ನಿಮಿಷ ಮನೆ, ಊರು, ಓದು, ಉದ್ಯೋಗ, ಊಟ, ಹವೆ ಮುಂತಾದ ಸಾಮಾನ್ಯ ಪ್ರಶ್ನೆಗಳು. ಆಮೇಲೆ ಒಂದು ಚೀಟಿ ಕೊಡುತ್ತಾರೆ. ನೀವು ಪಡೆದ ಒಂದು ಉಡುಗೊರೆಯನ್ನೋ, ನಿಮಗೆ ನೆರವಾದ ಒಬ್ಬರನ್ನೋ ವರ್ಣಿಸಿ ಎಂಬಂಥ ವಿಷಯ ಅದರಲ್ಲಿರುತ್ತದೆ. ಯೋಚಿಸಲು 1 ನಿಮಿಷ, ಜೊತೆಗೆ ಕಾಗದ ಪೆನ್ಸಿಲು. ಅನಂತರ 2 ನಿಮಿಷದವರೆಗೆ ನೀವೊಬ್ಬರೇ ಮಾತನಾಡಬೇಕು. ಎದುರಿನವರು ಸುಮ್ಮನೆ ಕೇಳುತ್ತ ಕುಳಿತಿರುತ್ತಾರೆ. ಕೊನೆಯ ನಾಲ್ಕೈದು ನಿಮಿಷ ಅದೇ ವಿಷಯವನ್ನು ಎಳೆದು, ಜನ ಉಡುಗೊರೆಯನ್ನು ಏಕೆ ಕೊಡುತ್ತಾರೆ, ಹಿಂದಿಗೂ ಇಂದಿಗೂ ಏನು ವ್ಯತ್ಯಾಸ ಎಂದು ಚರ್ಚೆಗಿಳಿಯುತ್ತಾರೆ.

ಅಂಕ ಕೊಡುವುದು ನಾಲ್ಕು ಬಾಬುಗಳಲ್ಲಿ: ಮಾತಿನ ಓಟ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು. ಎರಡರಲ್ಲಿ 7, ಎರಡರಲ್ಲಿ 6 ಬಂದರೆ ಸರಾಸರಿ 6.5. ಅಕ್ಕನದೂ ಹಾಗೆಯೇ ಆಗಿರಬಹುದೆಂದು ನಾವು ಲೆಕ್ಕ ಹಾಕಿದೆವು. ಈ ಪಟ್ಟಿಯಲ್ಲಿ ಸಾಮಾನ್ಯ ಜ್ಞಾನಕ್ಕೆ ಅಂಕವಿಲ್ಲ. ಅಭಿಪ್ರಾಯದ ಸರಿತಪ್ಪಿಗೂ ಇಲ್ಲ. ನಮ್ಮ ಕಾಲೇಜಿನ ಪರೀಕ್ಷೆಗಳಲ್ಲಿ ಪಳಗಿದವರಿಗೆ ಇದನ್ನು ನಂಬುವುದೇ ಕಷ್ಟ.

ನಂಬದೆ ಇದ್ದುದರಿಂದಲೇ ಅಕ್ಕ ಮೊದಲ ಸಲ ಎಡವಿದಳು. ಪಟ್ಟಣದ ಒಂದು ತರಬೇತಿ ಕೇಂದ್ರದವರು ಐವತ್ತು ವಿಷಯಗಳಿಗೆ ಸಿದ್ಧ ಉತ್ತರಗಳನ್ನು ಕೊಟ್ಟು ಉರುಹೊಡೆಸಿದ್ದರು. ಊರಿನ ಬಗ್ಗೆ ಕಲಿತ ಉತ್ತರದಲ್ಲಿ ‘ಹಚ್ಚಹಸುರಿನ ನಡುವೆ ನೆಲೆಸಿದ ರಮಣೀಯ ತಾಣ’ ಎಂಬರ್ಥದ ಭಾರಿ ವಾಕ್ಯವಿತ್ತು. ನಮ್ಮದು ಬಯಲುಸೀಮೆ, ಹಸುರೆಂದರೆ ಜಾಲಿಮರ! ಅಕ್ಕ ಅದನ್ನು ಗಡಗಡನೆ ಒಪ್ಪಿಸಿದಳಂತೆ. ಪರೀಕ್ಷಕರು ತಣ್ಣಗೆ, ಆ ಊರಿನಲ್ಲಿ ಮಕ್ಕಳು ಎಲ್ಲಿ ಆಡುತ್ತಾರೆ ಎಂದು ಕೇಳಿದರಂತೆ. ಅಲ್ಲಿಗೆ ಓಟ ನಿಂತಿತು. ಉರುಹೊಡೆದ ಮಾತಿನ ರಾಗವೇ ಬೇರೆ. ಅದನ್ನು ಗುರುತಿಸುವ ತರಬೇತಿ ಪರೀಕ್ಷಕರಿಗೆ ಇರುತ್ತದೆ. ಭಾರವಾದ ವಾಕ್ಯದ ಹಿಂದೆಯೇ ಮುರುಕು ವಾಕ್ಯ ಬಂದರೆ ಯಾರಿಗೆ ತಾನೆ ಗೊತ್ತಾಗದು?

ಎರಡನೆಯ ಸಲಕ್ಕೆ ನಾವು ಬೇರೆ ದಾರಿ ಹಿಡಿದೆವು. ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ನಾನು ವಿಷಯಗಳನ್ನು ಬರೆದ ಚೀಟಿಗಳನ್ನು ಹಾಕಿಟ್ಟೆ. ರಾತ್ರಿ ಊಟವಾದ ಮೇಲೆ ಅಕ್ಕ ಒಂದನ್ನು ಎತ್ತಬೇಕು. ಒಂದು ನಿಮಿಷದಲ್ಲಿ ವಾಕ್ಯಗಳನ್ನಲ್ಲ, ನಾಲ್ಕೈದು ಪದಗಳನ್ನು ಮಾತ್ರ ಗುರುತು ಹಾಕಿಕೊಂಡು ಮಾತಿಗೆ ತೊಡಗಬೇಕು. ಮೊದಲ ವಾರ ಮುಕ್ಕಾಲು ನಿಮಿಷಕ್ಕೇ ಮಾತು ಮುಗಿಯುತ್ತಿತ್ತು. ಒಂದು ದಿನ ನನಗೆ ರೇಗಿ, “ಅದನ್ನೇ ಕನ್ನಡದಲ್ಲಿ ಹೇಳು” ಎಂದೆ. ಕನ್ನಡದಲ್ಲೂ ಮುಕ್ಕಾಲು ನಿಮಿಷಕ್ಕೇ ಮುಗಿಯಿತು! ಕೊರತೆ ಇಂಗ್ಲಿಷಿನದಲ್ಲ, ಹೇಳುವ ಸಂಗತಿಯದು ಎಂದು ಆಗ ಹೊಳೆಯಿತು. ನಮ್ಮಂಥವರಿಗೆ ಸ್ವಂತ ಬದುಕನ್ನು ಎರಡು ನಿಮಿಷ ಯಾರ ಮುಂದೆಯಾದರೂ ವರ್ಣಿಸಿ ಅಭ್ಯಾಸವೇ ಇಲ್ಲ. ಅಂದಿನಿಂದ ಪ್ರತಿ ಚೀಟಿಯೂ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಅಮ್ಮ ಒಲೆಯ ಬಳಿಯಿಂದಲೇ, “ಆ ಸೀರೆ ನೀಲಿಯಲ್ಲ ಕಣೇ, ಹಸುರು, ಕೊಟ್ಟದ್ದು ನಿಮ್ಮತ್ತೆಯಲ್ಲ, ಅಜ್ಜಿ” ಎಂದು ತಿದ್ದುತ್ತಿದ್ದಳು. ಸೀರೆಯ ಬಣ್ಣ ಸುಳ್ಳಾದರೂ ಪರೀಕ್ಷಕರು ಅಂಕ ಕಳೆಯುವುದಿಲ್ಲ, ನಿಜ. ಆದರೆ ಸತ್ಯ ಸಂಗತಿಗೆ ವಿವರಗಳು ತಾವಾಗಿಯೇ ಬಂದು ಸೇರುತ್ತವೆ, ಕಲ್ಪಿಸಿದ್ದಕ್ಕೆ ಬರುವುದಿಲ್ಲ.

ಇನ್ನು ಪದಗಳ ಕಷ್ಟ. ‘ನಿಮಗಿಷ್ಟವಾದ ಅಡುಗೆ’ ಎಂಬ ಚೀಟಿ ಬಂದ ರಾತ್ರಿ ಅಕ್ಕ ಸಾರಿನ ಪ್ರಸ್ತಾಪ ಚೆನ್ನಾಗಿಯೇ ಆರಂಭಿಸಿ ಒಗ್ಗರಣೆಯ ಹತ್ತಿರ ಬಂದು ನಿಂತುಬಿಟ್ಟಳು. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ನಿಘಂಟು ತೆಗೆಯಲು ಹೋದವನು ತಡೆದು ನಿಂತೆ; ಅಲ್ಲಿ ನಿಘಂಟಿರುವುದಿಲ್ಲವಲ್ಲ. “ಒಗ್ಗರಣೆ ಅಂದರೇನೆಂದು ಗೊತ್ತಿಲ್ಲದವರಿಗೆ ತಿಳಿಸಿ ಹೇಳು” ಎಂದೆ. ಎಣ್ಣೆ ಕಾಯಿಸುತ್ತೇವೆ, ಸಾಸಿವೆ ಹಾಕುತ್ತೇವೆ, ಅದು ಸಿಡಿಯುತ್ತದೆ, ಕರಿಬೇವು ಹಾಕಿ ಸಾರಿನ ಮೇಲೆ ಸುರಿಯುತ್ತೇವೆ, ಆಗ ಚುಂಯ್ ಎಂಬ ಸದ್ದು ಬರುತ್ತದೆ ಎಂದು ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದಳು. ಅಂದು ಮೊದಲ ಬಾರಿಗೆ ಎರಡು ನಿಮಿಷ ದಾಟಿತು! ತಿಳಿಯದ ಪದವನ್ನು ಹೀಗೆ ಸುತ್ತಿ ಬಳಸಿ ವಿವರಿಸುವುದು ದೋಷವಲ್ಲ. ಪದಸಂಪತ್ತಿನ ಬಾಬಿನಲ್ಲಿ ಅದಕ್ಕೆ ಮನ್ನಣೆಯೇ ಉಂಟು. ರಾಗಿಮುದ್ದೆಗೂ ಹೀಗೆಯೇ ಮಾಡಿದೆವು. ‘ಕಾಫಿ ಗೀಫಿ’ಯಲ್ಲಿನ ಆ ‘ಗೀಫಿ’ಯನ್ನು ಇಂಗ್ಲಿಷಿಗೆ ತರಲು ಮಾತ್ರ ಇಬ್ಬರಿಗೂ ಇದುವರೆಗೆ ಆಗಿಲ್ಲ.

ವ್ಯಾಕರಣದಲ್ಲಿ ಅಕ್ಕ ಮಾಡುತ್ತಿದ್ದ ತಪ್ಪುಗಳಲ್ಲಿ ಹೆಚ್ಚಿನವು ತಪ್ಪುಗಳಲ್ಲ, ಕನ್ನಡ. ‘ಹತ್ತು ವರ್ಷದಿಂದ ಇಲ್ಲಿದ್ದೇನೆ’ ಎಂಬುದು ನಮಗೆ ವರ್ತಮಾನಕಾಲ. ಅದೇ ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಆಗುತ್ತದೆ. ನಮ್ಮ ‘ಇಂದ’ ಒಂದೇ. ಅವರು ಕಾಲದ ಆರಂಭಕ್ಕೆ ‘ಸಿನ್ಸ್’, ಕಾಲದ ಅಳತೆಗೆ ‘ಫಾರ್’ ಎಂದು ಎರಡಾಗಿ ಒಡೆದಿದ್ದಾರೆ. ಕ್ರಿಯಾಪದವೂ ‘ಹ್ಯಾವ್ ಬೀನ್ ಲಿವಿಂಗ್’ ಆಗಬೇಕು. ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ದಿನಕ್ಕೆ ಒಂದೇ ಬಗೆಯ ತಪ್ಪನ್ನು ಹಿಡಿಯುವುದೆಂದು ನಿಯಮ ಮಾಡಿಕೊಂಡೆವು. ಎಲ್ಲವನ್ನೂ ಒಮ್ಮೆಗೇ ತಿದ್ದಹೋದ ದಿನ ಅಕ್ಕ ಅತ್ತು ಎದ್ದುಹೋಗಿದ್ದಳು. ತಪ್ಪು ನನ್ನದು.

ಉಚ್ಚಾರಣೆಯಲ್ಲಿ ಇಂಗ್ಲೆಂಡಿನವರ ಹಾಗೆ ನಾಲಗೆ ಹೊರಳಿಸಬೇಕೆಂಬುದು ಸುಳ್ಳು. ನಮ್ಮ ಧಾಟಿ ಇದ್ದರೆ ಅಡ್ಡಿಯಿಲ್ಲ, ಕೇಳುವವರಿಗೆ ಸಲೀಸಾಗಿ ತಿಳಿಯಬೇಕು. ನಮ್ಮ ಬಾಯಿಗೆ ವಿಶೇಷವಾದ ತೊಡಕುಗಳು ಕೆಲವಿವೆ. ಮೊಟ್ಟೆ ‘ಯೆಗ್’ ಆಗುತ್ತದೆ. ಕನ್ನಡದಲ್ಲಿ ಬರೆದರೆ ದ್ರಾಕ್ಷಿಯ ಬಳ್ಳಿಯೂ ‘ವೈನ್’, ಅದರ ರಸದಿಂದಾದ ಮದ್ಯವೂ ‘ವೈನ್’. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ದುಂಡಾಗಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಒತ್ತು. ನಾವು ಎಲ್ಲ ಅಕ್ಷರಗಳನ್ನೂ ಹೆಚ್ಚುಕಡಿಮೆ ಒಂದೇ ತೂಕದಲ್ಲಿ ಇಳಿಸುತ್ತೇವೆ. ಅವರದು ಹಾಗಲ್ಲ, ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಭಾಗಕ್ಕೆ, ‘ಫೋಟಾಗ್ರಫಿ’ಯಲ್ಲಿ ಎರಡನೆಯದಕ್ಕೆ. ಇದನ್ನು ಕಣ್ಣಿನಿಂದ ಕಲಿಯಲಾಗದು. ರೇಡಿಯೋ ವಾರ್ತೆಯ ಒಂದೊಂದು ವಾಕ್ಯವನ್ನು ಕೇಳಿ ಹಾಗೆಯೇ ಹೇಳುವ ಅಭ್ಯಾಸ ನಮಗೆ ಉಪಕಾರ ಮಾಡಿತು.

ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಬಹುದು, ಅದಕ್ಕೆ ಸಂಕೋಚಪಡಬೇಕಿಲ್ಲ. ‘ಹೌದು’, ‘ಇಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗಕೂಡದು. ಏಕೆಂಬ ಒಂದು ಮಾತು ಜೊತೆಗಿರಬೇಕು. ಹಿರಿಯರ ಮುಂದೆ ಕೇಳಿದಷ್ಟಕ್ಕೆ ಉತ್ತರ ಕೊಟ್ಟು ತಲೆ ತಗ್ಗಿಸುವುದನ್ನೇ ಮರ್ಯಾದೆಯೆಂದು ಕಲಿತ ಹೆಣ್ಣುಮಗಳಿಗೆ ಎಲ್ಲಕ್ಕಿಂತ ಕಠಿಣವಾದದ್ದು ಇದೇ. ಇಡೀ ವಾರ್ಡಿನ ರೋಗಿಗಳನ್ನು ಗದರಿಸಬಲ್ಲ ಅಕ್ಕ, ನಾನು ಪರೀಕ್ಷಕನಾಗಿ ಕುರ್ಚಿಯ ಮೇಲೆ ಕುಳಿತೊಡನೆ ಮೆತ್ತಗಾಗಿಬಿಡುತ್ತಿದ್ದಳು. ಕೊನೆಗೆ ಕುರ್ಚಿಯನ್ನು ಅವಳಿಗೆ ಕೊಟ್ಟು ನಾನು ಚಾಪೆಯ ಮೇಲೆ ಕುಳಿತೆ. ಆಮೇಲೆ ಮಾತು ಸರಾಗವಾಯಿತು.

ಈ ಬರಹವನ್ನು ಸಂಪಾದಕರ ಕೈಗೆ ಕೊಡುವ ಹೊತ್ತಿಗೆ ಅಕ್ಕನ ಎರಡನೆಯ ಪರೀಕ್ಷೆಗೆ ಇನ್ನು 19 ದಿನಗಳಿವೆ. ಡಬ್ಬಿಯಲ್ಲಿ ಚೀಟಿಗಳು ಮುಗಿಯುತ್ತ ಬಂದಿವೆ. ನೆನ್ನೆ ಅಮ್ಮ ತಾನೂ ಒಂದು ಚೀಟಿ ಬರೆಸಿ ಹಾಕಿಸಿದಳು: ‘ನೀವು ಬಿಟ್ಟುಹೋಗಲಿರುವ ಒಂದು ಮನೆಯನ್ನು ವರ್ಣಿಸಿ’. ಅಕ್ಕ ಅದನ್ನು ಇನ್ನೂ ಎತ್ತಿಲ್ಲ.