ಕಂದೀಲು ಸಣ್ಣ ಮಾಡು

ರಾಯಚೂರಿನ ಆಟೊದವರಿಗೆ ‘ತೀನ್ ಕಂದೀಲ್’ ಎಂದರೆ ಸಾಕು, ಮುಂದೆ ವಿಳಾಸ ಕೇಳುವುದಿಲ್ಲ. ಮೂರು ಕಂದೀಲು ಎಂದು ಅದರ ಅರ್ಥ. 1956ರವರೆಗೆ ಈ ಊರು ಹೈದರಾಬಾದಿಗೆ ಸೇರಿತ್ತು. ಆ ಕಾಲದ ಉರ್ದು ನಮ್ಮ ನಾಲಿಗೆಯಲ್ಲಿ ಇನ್ನೂ ಉಳಿದಿದೆ. ಕಂದೀಲು ಅರಬ್ಬಿಯಿಂದ ಬಂದ ಮಾತು, ಅದರ ಬೇರು ಲ್ಯಾಟಿನ್‌ನ ‘ಕ್ಯಾಂಡೆಲಾ’. ಇಂಗ್ಲಿಷಿನ ಕ್ಯಾಂಡಲ್ ಕೂಡ ಅದೇ ಬೇರಿನ ಚಿಗುರು. ವಿಜ್ಞಾನಿಗಳು ಬೆಳಕಿನ ತೀವ್ರತೆ ಅಳೆಯುವ ಮಾನಕ್ಕೂ ಕ್ಯಾಂಡೆಲಾ ಎಂದೇ ಹೆಸರು. ನಮ್ಮೂರ ಸರ್ಕಲ್ಲಿನ ಹೆಸರಿಗೂ ಭೌತವಿಜ್ಞಾನದ ಪುಸ್ತಕಕ್ಕೂ ಹೀಗೊಂದು ನಂಟಿದೆ ಎಂದು ತಿಳಿದ ದಿನ ನನಗೆ ಬಹಳ ಖುಷಿಯಾಗಿತ್ತು.

ಹೋದ ಬೇಸಿಗೆಯಲ್ಲಿ ತೀನ್ ಕಂದೀಲ್ ಪೇಟೆಯಲ್ಲೇ ಒಂದು ಚಾರ್ಜಿಂಗ್ ಕಂದೀಲು ಕೊಂಡೆ. ನೋಡಿದರೆ ಥೇಟ್ ಹಳೆಯದೇ. ತಂತಿಯ ಹಿಡಿಕೆ, ಉಬ್ಬಿದ ಗಾಜು, ಬದಿಗೆ ಎರಡು ಕೊಳವೆ. ಒಳಗೆ ಬತ್ತಿಯ ಜಾಗದಲ್ಲಿ ಎಲ್‌ಇಡಿ. ಹಳೆ ರೂಪದ ಇಂಥ ಹೊಸ ಸಾಮಾನುಗಳ ಮೇಲೆ ನನಗೆ ಮೊದಲಿಂದಲೂ ಆಸೆ. ಮನೆಗೆ ತಂದು ತಿರುಗಿಸಿ ನೋಡುವಾಗ ಕಣ್ಣು ಆ ಕೊಳವೆಗಳ ಮೇಲೆ ನಿಂತಿತು.

ಎಣ್ಣೆಯ ಕಂದೀಲಿನಲ್ಲಿ ಆ ಕೊಳವೆಗಳು ಬರೀ ಚೌಕಟ್ಟಲ್ಲ. ಉರಿಯ ಬಿಸಿಗಾಳಿ ಮೇಲೇರುತ್ತಿದ್ದಂತೆ ಬೇರೆ ಗಾಳಿ ಕೊಳವೆಯೊಳಗೆ ಇಳಿದು ಬತ್ತಿಯ ಬುಡ ಸೇರುತ್ತದೆ. ಗಾಳಿ ಹೀಗೆ ಸುತ್ತು ಹಾಕಿಕೊಂಡು ಬರುವುದರಿಂದಲೇ ಹೊರಗೆ ಬಿರುಗಾಳಿ ಬೀಸಿದರೂ ದೀಪ ಅಲುಗುತ್ತಿರಲಿಲ್ಲ. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವವರು ಕಂದೀಲು ಹಿಡಿದು ಹೊರಡುತ್ತಿದ್ದುದು ಆ ಭರವಸೆಯಿಂದ. 1985ರಲ್ಲಿ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ಮೊದಲ ವಿದ್ಯುತ್ ಘಟಕ ಶುರುವಾದ ಮೇಲೂ ದೇವದುರ್ಗದ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಕಂದೀಲು ಗೋಡೆಯ ಮೊಳೆಯಿಂದ ಇಳಿದಿರಲಿಲ್ಲ. ಸಂಜೆಯಾದರೆ ಅಜ್ಜಿ ಗಾಜಿಗೆ ಒಲೆಯ ಬೂದಿ ಹಚ್ಚಿ ಉಜ್ಜುವಳು, ಚಿಮಣಿ ಎಣ್ಣೆ ಹಾಕುವಳು, ಬತ್ತಿಯ ಕರಿ ಕತ್ತರಿಸುವಳು. ಮಲಗುವ ಹೊತ್ತಿಗೆ ‘ದೀಪ ಆರಿಸು’ ಎಂಬ ಮಾತು ಆ ಮನೆಯಲ್ಲಿ ಬರುತ್ತಿರಲಿಲ್ಲ. ‘ಕಂದೀಲು ಸಣ್ಣ ಮಾಡು’ ಎನ್ನುತ್ತಿದ್ದಳು. ಬದಿಯ ಕಿವಿ ತಿರುವಿದರೆ ಬೆಳಕು ಜೋಳದ ಕಾಳಿನಷ್ಟಾಗಿ ಬೆಳಗಿನ ತನಕ ಉಳಿಯುತ್ತಿತ್ತು.

ಹೊಸ ಕಂದೀಲಿನ ಕೊಳವೆಗಳಲ್ಲಿ ಗಾಳಿ ಓಡಾಡುವುದಿಲ್ಲ. ರೂಪ ಉಳಿದಿದೆ, ಕೆಲಸ ಹೋಗಿದೆ. ಇದಕ್ಕೆ ತೀರಾ ತಿರುವುಮುರುವಾದ ವಸ್ತುವೊಂದನ್ನು ನಾನು ಮಾನ್ವಿಯಲ್ಲಿ ಕಂಡಿದ್ದೆ.

ಮಾನ್ವಿ ಜಗನ್ನಾಥದಾಸರ ಊರು. ವಿಜಯದಾಸರ ಚೀಕಲಪರ್ವಿ ಅದೇ ತಾಲ್ಲೂಕಿನಲ್ಲಿದೆ. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಹೆಗಲಿಗೆ ತಂಬೂರಿ, ಕೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ ಎಂದು ದಾಸರನ್ನು ಚಿತ್ರಿಸುವ ಈ ನೆಲದಲ್ಲಿ, ಬಂಧುಗಳ ಮನೆಯ ಭಜನೆಯಲ್ಲಿ ತಂಬೂರಿ ಕಾಣಲಿಲ್ಲ, ಆದರೆ ಕೇಳಿಸುತ್ತಿತ್ತು. ಹಾಡುವವರ ಮಗ್ಗುಲಲ್ಲಿ ಗುಬುಟುಗಳಿದ್ದ ಒಂದು ಪೆಟ್ಟಿಗೆ ಇತ್ತು. ಎಲೆಕ್ಟ್ರಾನಿಕ್ ತಂಬೂರಿ.

ಅದು ಕರ್ನಾಟಕದ್ದೇ ಸಾಧನೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಜಿನಿಯರ್, ಜೊತೆಗೆ ಕೊಳಲು ವಾದಕರು. 1970ರ ದಶಕದ ಕೊನೆಯ ಹೊತ್ತಿಗೆ ಅವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಕೆಲಸಕ್ಕೆ ಕೈಹಾಕಿದರು; ಅವರ ರಾಡೆಲ್ ಸಂಸ್ಥೆಯ ಹೆಸರು ಸಂಗೀತಗಾರರಿಗೆಲ್ಲ ಪರಿಚಿತ. ತಂಬೂರಿಯ ನಾದ ಸುಲಭಕ್ಕೆ ಸಿಗುವಂಥದ್ದಲ್ಲ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಒಂದೆಳೆ ದಾರವನ್ನು ಕೂದಲಷ್ಟು ಸರಿಸಿದರೆ ಝೇಂಕಾರ ಹುಟ್ಟುತ್ತದೆ, ಇನ್ನಷ್ಟು ಸರಿಸಿದರೆ ಸತ್ತುಹೋಗುತ್ತದೆ. ಆ ಝೇಂಕಾರವನ್ನು ಸರ್ಕಿಟ್ಟಿನಲ್ಲಿ ಕೂರಿಸಿದವರು ಸೋರೆಯ ಬುರುಡೆಯ ಆಕಾರವನ್ನು ಸಲೀಸಾಗಿ ಬಿಟ್ಟುಕೊಟ್ಟರು. ರೂಪ ಹೋಯಿತು, ಕೆಲಸ ಉಳಿಯಿತು. ಇವೆರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಈ ಪೆಟ್ಟಿಗೆಯನ್ನೇ ಎತ್ತಿಕೊಳ್ಳುತ್ತೇನೆ.

ಎರಡನ್ನೂ ಉಳಿಸಿಕೊಂಡ ಹೊಸ ವಸ್ತು ಅಪರೂಪ. ನಮ್ಮವ್ವನ ಮಂಚದ ಪಕ್ಕದಲ್ಲಿರುವ ‘ಕಾರವಾನ್’ ಎಂಬ ಹಾಡಿನ ಪೆಟ್ಟಿಗೆ ಅಂಥದ್ದು. ಸಾರೆಗಾಮಾ ಕಂಪನಿ 2017ರಲ್ಲಿ ಹಿಂದಿಯ 5,000 ಹಾಡು ತುಂಬಿ ಅದನ್ನು ಮಾರುಕಟ್ಟೆಗೆ ತಂದಿತು. ಮುಂದೆ ಕನ್ನಡ ಹಾಡುಗಳದ್ದೂ ಬಂತು. ಹಿಂದಿಯದರಲ್ಲಿ ಅಮೀನ್ ಸಯಾನಿಯವರ ರೇಡಿಯೊ ಕಾರ್ಯಕ್ರಮ ಗೀತಮಾಲಾ ಕೂಡ ಇದೆ. ಅವ್ವನಿಗೆ ಫೋನಿನಲ್ಲಿ ಹಾಡು ಹುಡುಕುವುದೆಂದರೆ ಬೆರಳು ನಡುಗುತ್ತದೆ, ಎಲ್ಲೋ ಒತ್ತಿ ಯಾರಿಗೋ ಕರೆ ಹೋಗುತ್ತದೆ. ಈ ಪೆಟ್ಟಿಗೆಯಲ್ಲಿ ಟ್ರಾನ್ಸಿಸ್ಟರಿನ ದಪ್ಪ ಗುಬುಟು ಇದೆ, ತಿರುವಿದರೆ ಹಾಡು. ಹಳೆಯ ಗುಬುಟು ಇಲ್ಲಿ ಅಲಂಕಾರಕ್ಕಲ್ಲ, ಎಪ್ಪತ್ತು ದಾಟಿದ ಕೈಗೆ ಗೊತ್ತಿರುವ ದಾರಿ ಅದು. ಅದರಲ್ಲೇ ಎಫ್‌ಎಂ ಹಾಕಿ ನಮ್ಮ ರಾಯಚೂರು ಆಕಾಶವಾಣಿಯನ್ನೂ ಕೇಳುತ್ತಾಳೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ನಡೆಸಿದ ಪುಟ್ಟ ಕೇಂದ್ರದ ಹೆಸರೇ ಮುಂದೆ ಇಡೀ ದೇಶದ ರೇಡಿಯೊಗೆ ಹೆಸರಾದದ್ದು.

ಬೈಕುಗಳಲ್ಲಿ ಮಾತ್ರ ಮತ್ತೆ ಹೊಸ ಕಂದೀಲಿನದೇ ಕತೆ. ಮೈಸೂರಿನ ಐಡಿಯಲ್ ಜಾವಾದ ಗಾಡಿಗಳಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್. ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಮರಳಿ ಬಂದ ಜಾವಾದಲ್ಲಿ ಜೋಡಿ ಸೈಲೆನ್ಸರ್ ಇದೆ, ಆ ಲಿವರ್ ಇಲ್ಲ.

ಹಳೆಯದನ್ನೇ ಕೊಳ್ಳುತ್ತೇನೆ ಎನ್ನುವವರಿಗೆ ನನ್ನ ಮೊದಲ ಸಲಹೆ ಎಚ್‌ಎಂಟಿ ಜನತಾ ವಾಚು. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯದು. ವಾಚ್ ಘಟಕ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. ಸೆಲ್ ಬೇಕಿಲ್ಲ, ದಿನಕ್ಕೊಮ್ಮೆ ಚಾವಿ ಕೊಟ್ಟರೆ ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ. ಒಂದು ಎಚ್ಚರ ಇರಲಿ: ಹಳೆಯದೆಂದು ಮಾರುವ ಎಷ್ಟೋ ಜನತಾಗಳ ಮುಖಕ್ಕೆ ಹೊಸ ಬಣ್ಣ ಬಳಿದಿರುತ್ತಾರೆ. ಕಡುಗೆಂಪು, ಗಿಳಿಹಸಿರು ಡಯಲ್ ಥಳಥಳ ಹೊಳೆದರೆ ಕೈ ಹಿಂದೆಳೆಯಿರಿ. ಅಕ್ಷರಗಳ ಅಂಚು ಹರಡಿಕೊಂಡಿದೆಯೇ ಎಂದು ಭೂತಕನ್ನಡಿ ಹಿಡಿದು ನೋಡಿ. ಮಾಸಿದ ಬಿಳಿ ಡಯಲ್ಲೇ ಹೆಚ್ಚು ನಂಬಿಗಸ್ತ.

ಕಂದೀಲಿನ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಮೊನ್ನೆ ರಾತ್ರಿ ಮಳೆಗಾಳಿಗೆ ಕರೆಂಟು ಹೋಯಿತು. ಮಗಳು ಫೋನಿನ ಟಾರ್ಚ್ ಹಾಕಿದಳು, ಕಣ್ಣಿಗೆ ಚುಚ್ಚುವ ಬೆಳಕು. ಕಪಾಟಿನಿಂದ ಚಾರ್ಜಿಂಗ್ ಕಂದೀಲು ತಂದು ನಡುಮನೆಯಲ್ಲಿಟ್ಟೆ. ಊಟವಾಯಿತು, ಹಾಸಿಗೆ ಹಾಸಿದ್ದಾಯಿತು. ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದ ಅವ್ವ, ಎದುರಿಗಿರುವುದು ಎಣ್ಣೆಯದೋ ಬ್ಯಾಟರಿಯದೋ ಎಂದು ನೋಡದೆ, ‘ಕಂದೀಲು ಸಣ್ಣ ಮಾಡವ್ವಾ’ ಎಂದಳು. ಮಗಳು ಒಂದು ಗಳಿಗೆ ತಡಕಾಡಿ, ಬದಿಯ ಕಿವಿ ಹಿಡಿದು ಮೆಲ್ಲಗೆ ತಿರುವಿದಳು. ಬೆಳಕು ಜೋಳದ ಕಾಳಿನಷ್ಟಾಗಿ ನಿಂತಿತು.