ಕರಕಿ, ಕುರಿ ಮತ್ತು ಗಾಲ್ಫ್

ಶಿಗ್ಗಾಂವ, ಸವಣೂರು ಸೀಮೆಯ ಎರಿ ಹೊಲದಲ್ಲಿ ರೈತರಿಂದ ಅತಿ ಹೆಚ್ಚು ಬೈಗುಳ ತಿಂದ ಸಸ್ಯ ಯಾವುದು? ಕರಕಿ. ಕುಂಟಿ ಹೊಡೆದರೂ ಸಾಯುವುದಿಲ್ಲ. ಆರಿಸಿ ಬದುವಿಗೆ ಎಸೆದರೆ ಒಂದೇ ಮಳೆಗೆ ಅಲ್ಲೇ ಬೇರು ಬಿಡುತ್ತದೆ. ಗಣಪತಿಗೆ ಏರುವ ಗರಿಕೆಯೂ ಇದೇ. ಇದೇ ಹುಲ್ಲನ್ನು ಬಿಸಿಲ ನಾಡುಗಳ ಗಾಲ್ಫ್ ಮೈದಾನಗಳಲ್ಲಿ ಬರ್ಮುಡಾ ಎಂಬ ಹೆಸರಿನಲ್ಲಿ ರೊಕ್ಕ ಸುರಿದು, ನೀರುಣಿಸಿ, ದಿನಾ ಕತ್ತರಿಸಿ ಸಾಕುತ್ತಾರೆ.

ಕರಕಿಯ ಒಂದು ಬಳ್ಳಿಯನ್ನು ಬೇರುಸಹಿತ ಎಳೆದು ನೋಡಿ. ಎರಡು ಮೂರು ಬೆರಳಿಗೊಂದು ಗಿಣ್ಣು. ಪ್ರತಿ ಗಿಣ್ಣಿನಲ್ಲೂ ಕೆಳಗೆ ಬೇರು, ಮೇಲೆ ಚಿಗುರು. ನೆಲದ ಮೇಲೆ ಹಬ್ಬುವ ಬಳ್ಳಿ ಒಂದು, ನೆಲದೊಳಗೆ ಬಿಳಿಯಾಗಿ ನುಗ್ಗುವ ಕಾಂಡ ಇನ್ನೊಂದು. ಕುಂಟಿ ಇದನ್ನು ಹತ್ತು ತುಂಡು ಮಾಡಿದರೆ ಹತ್ತು ಸಸಿ ನೆಟ್ಟಂತೆಯೇ. ಇನ್ನು ಎಲೆ ಬೆಳೆಯುವ ಬಗೆ. ಹುಲ್ಲಿನ ಬೆಳವಣಿಗೆಯ ಬಿಂದು ತುದಿಯಲ್ಲಿಲ್ಲ, ನೆಲಕ್ಕೆ ಅಂಟಿಕೊಂಡ ಬುಡದಲ್ಲಿದೆ. ನಮ್ಮ ತಲೆಗೂದಲಿನಂತೆ ಎಲೆ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಕುರಿ ತುದಿಯನ್ನು ಕಚ್ಚಿಕೊಂಡು ಹೋದರೆ ಹುಲ್ಲಿಗೆ ಹೆಚ್ಚಿನ ನಷ್ಟವಿಲ್ಲ. ಪಕ್ಕದಲ್ಲೇ ಮೊಳೆತ ಜಾಲಿ ಸಸಿಯ ತುದಿಯನ್ನು ಮೇಕೆ ಕಚ್ಚಿದರೆ ಅದರ ವರ್ಷದ ಗಳಿಕೆಯೇ ಹೋಯಿತು. ಮೇಯುವ ಬಾಯಿ ಇರುವ ಕಡೆ ಹುಲ್ಲು ಗೆದ್ದು ಮರ ಸೋಲುವುದು ಹೀಗೆ.

ಗಾಲ್ಫ್ ಹುಟ್ಟಿದ್ದೂ ಇಂಥ ಮೇಯ್ದ ನೆಲದ ಮೇಲೆಯೇ. ಹುಲ್ಲು ಕತ್ತರಿಸುವ ಯಂತ್ರ ಬಂದದ್ದು 1830ರಲ್ಲಿ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡ್ಡಿಂಗ್, ಉಣ್ಣೆಬಟ್ಟೆಯ ಗಿರಣಿಯಲ್ಲಿ ಬಟ್ಟೆಯ ಜುಂಗು ಸವರುವ ಯಂತ್ರವನ್ನು ನೋಡಿ ಅದನ್ನು ರೂಪಿಸಿದ. ಅದಕ್ಕೂ ಮೊದಲು ಆಟದ ನೆಲವನ್ನು ನುಣ್ಣಗೆ ಇಟ್ಟವು ಕುರಿ ಮತ್ತು ಮೊಲಗಳು. ಕುರಿಯ ಮೈಮೇಲಿನ ಉಣ್ಣೆಗಾಗಿ ಹುಟ್ಟಿದ ಯಂತ್ರವೇ ಕುರಿಯ ಕೆಲಸ ಕಿತ್ತುಕೊಂಡಿತು ಅನ್ನಿ.

ಮೊದಮೊದಲು ಈ ಆಟ ಸಮುದ್ರ ದಂಡೆಯ ಮರಳು ದಿಬ್ಬಗಳಲ್ಲಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಲಂಡನ್ನಿನ ಸಾಹುಕಾರರಿಗೆ ರೈಲಿನಲ್ಲಿ ಹೋಗಿ ಆಡಿ ಸಂಜೆಗೆ ಮನೆ ಸೇರುವಷ್ಟು ಹತ್ತಿರದ ನೆಲ ಬೇಕಾಯಿತು. ಸಿಕ್ಕಿದ್ದು ಹೀತ್ ಎಂಬ ಪಡಾ ಭೂಮಿ. ಮೊಣಕಾಲೆತ್ತರದ ಹೆದರ್ ಪೊದೆ, ಹಳದಿ ಹೂವಿನ ಮುಳ್ಳುಗಿಡ ಗೋರ್ಸ್, ನಡುವೆ ಸಣ್ಣೆಳೆಯ ಹುಲ್ಲು. ಬೇಸಾಯಕ್ಕೆ ಬಾರದ್ದರಿಂದ ಅಗ್ಗವಾಗಿತ್ತು. ಸನ್ನಿಂಗ್‌ಡೇಲ್ ಮೈದಾನ 1901ರಲ್ಲಿ, ವಾಲ್ಟನ್ ಹೀತ್ ಮೈದಾನ 1904ರಲ್ಲಿ ಶುರುವಾದವು. ಇಂದಿಗೂ ಗಾಲ್ಫ್ ಬಲ್ಲವರು ಇಂಥ ಮೈದಾನಗಳನ್ನು ಸಮುದ್ರ ದಂಡೆಯವುಗಳಿಗೆ ಸರಿಸಮ ಎನ್ನುತ್ತಾರೆ. ನೀರು ಬಸಿದುಹೋಗುವ ಗಟ್ಟಿ ಮರಳುನೆಲವಾದ್ದರಿಂದ ಚೆಂಡು ಬಿದ್ದಲ್ಲಿ ನಿಲ್ಲದೆ ಪುಟಿದು ಓಡುತ್ತದೆ. ಎಲ್ಲಿ ಬೀಳಿಸಬೇಕು ಎನ್ನುವುದಕ್ಕಿಂತ ಬಿದ್ದ ಮೇಲೆ ಎತ್ತ ಉರುಳೀತು ಎಂದು ಲೆಕ್ಕ ಹಾಕಿ ಹೊಡೆಯಬೇಕು. ಹೆದರ್ ಪೊದೆಗೆ ಬಿದ್ದರಂತೂ ತಂತಿಯಂಥ ಕಾಂಡಗಳು ಕೋಲನ್ನೇ ಹಿಡಿದು ತಿರುಚುತ್ತವೆ. ನಮ್ಮ ಎರಿ ನೆಲದಲ್ಲಿ ಈ ಆಟ ನಡೆಯದು. ಮಳೆಗೆ ಉಬ್ಬಿ ಕಾಲಿಗೆ ಮೆತ್ತುವ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುವ ಜೇಡಿ ಅದು. ಗುಡ್ಡದ ಗರಸು ನೆಲ, ಮಸಾರಿ ಆದರೆ ಒಪ್ಪಬಹುದು. ಹಾಗೆಂದು ಶಿಗ್ಗಾಂವಕ್ಕೊಂದು ಗಾಲ್ಫ್ ಮೈದಾನ ಬೇಕೆಂಬ ವಾದ ನನ್ನದಲ್ಲ.

ಆ ಹೀತ್ ಬಡ ನೆಲವಾದದ್ದು ಹೇಗೆ ಎನ್ನುವುದೇ ನಿಜವಾದ ಕುತೂಹಲ. ಅದು ಹುಟ್ಟಾ ಬಡವಲ್ಲ. ಮೂರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿದ್ದ ಕಾಡನ್ನು ಜನ ಕಡಿದರು. ಮರಳುಮಣ್ಣಿನ ಮೇಲೆ ಸುರಿದ ಮಳೆ ಕಬ್ಬಿಣ, ಸುಣ್ಣದಂಥ ಲವಣಗಳನ್ನು ಕರಗಿಸಿ ಕೆಳಕ್ಕೆ ಒಯ್ದಿತು. ಅಗೆದರೆ ಇವತ್ತಿಗೂ ಮೇಲೆ ಕರಿ ಪದರ, ಅದರಡಿ ಬೂದಿ ಬಣ್ಣದ ಮಣ್ಣು, ಅದರಡಿ ತುಕ್ಕು ಬಣ್ಣದ ಗಟ್ಟಿ ಪದರ ಕಾಣುತ್ತದೆ. ಅಷ್ಟು ಹುಳಿ ಮಣ್ಣಿನಲ್ಲಿ ಹೆದರ್ ಬದುಕುವುದು ಬೇರಿನೊಳಗೆ ನೆಲೆಸಿದ ಶಿಲೀಂಧ್ರದ ಸಹಾಯದಿಂದ. ಉಳಿದ ಬಡತನವನ್ನು ತಂದದ್ದು ಕುರಿಗಾರರು. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಹಗಲೆಲ್ಲ ಕುರಿಗಳನ್ನು ಹೀತ್‌ನಲ್ಲಿ ಮೇಯಿಸಿ, ರಾತ್ರಿ ಬೇಸಾಯದ ಹೊಲದಲ್ಲಿ ಕೂಡಿಹಾಕುತ್ತಿದ್ದರು. ಹಿಕ್ಕೆ, ಮೂತ್ರ ಎಲ್ಲ ಹೊಲಕ್ಕೆ.

ಇದನ್ನು ಓದಿದ ಹಾವೇರಿ ಜಿಲ್ಲೆಯ ಯಾವ ರೈತನೂ ನಗದೆ ಇರಲಾರ. ಸುಗ್ಗಿ ಮುಗಿದ ಮೇಲೆ ನಾವು ಹೊಲದಲ್ಲಿ ಕುರಿ ತರುಬಿಸುವುದು ಮತ್ತಿನ್ನೇನು? ಹಗಲು ಗಾಯರಾಣ, ಗುಡ್ಡದ ಮೇವು. ರಾತ್ರಿ ಹೊಲದಲ್ಲಿ ಹಿಂಡು. ಕುರಿಗಾರನಿಗೆ ಕಾಳೋ ರೊಕ್ಕವೋ ಸಿಗುತ್ತದೆ. ವಿಜ್ಞಾನದ ಲೆಕ್ಕದಲ್ಲಿ ಇದು ಸಾರಜನಕ, ರಂಜಕಗಳ ಸಾಗಾಣಿಕೆ. ಹೊಲ ಕೊಬ್ಬುತ್ತದೆ, ಗುಡ್ಡ ಹಸಿದೇ ಇರುತ್ತದೆ. ಆ ಹಸಿವಿನಲ್ಲಿ ಸೊಕ್ಕಿ ಬೆಳೆಯುವ ಕಳೆಗಳಿಗೆ ಜಾಗವಿಲ್ಲ. ಕಡಿಮೆ ಉಣ್ಣುವ ನೂರೆಂಟು ಬಗೆಯ ಹುಲ್ಲು, ಹೂಗಿಡ ಒಟ್ಟಿಗೆ ಬದುಕುತ್ತವೆ. ಹೀತ್ ಮೈದಾನ ಕಾಯುವ ಅನುಭವಿಗಳು ಗೊಬ್ಬರ, ನೀರು ಎರಡರಲ್ಲೂ ಕೈ ಬಿಗಿ ಹಿಡಿಯುವುದು ಇದಕ್ಕೇ. ಗೊಬ್ಬರ ಹೆಚ್ಚಾದರೆ ಹೆದರ್ ಹೋಗಿ ಬರೀ ಒರಟು ಹುಲ್ಲು ಉಳಿಯುತ್ತದೆ.

ಆದರೆ ಅವರ ಹುಲ್ಲೇ ಬೇರೆ, ನಮ್ಮದೇ ಬೇರೆ. ಫೆಸ್ಕ್ಯೂ, ಬೆಂಟ್ ಎಂಬ ಅವರ ಹುಲ್ಲುಗಳಿಗೆ ತಂಪು ಬೇಕು. ಬಿಸಿಲೇರಿದಾಗ ಅವುಗಳ ಎಲೆಯೊಳಗಿನ ಕಿಣ್ವ ಇಂಗಾಲದ ಡೈಆಕ್ಸೈಡ್ ಹಿಡಿಯುವ ಬದಲು ಆಮ್ಲಜನಕಕ್ಕೆ ಕೈಹಾಕಿ ದುಡಿಮೆ ಹಾಳು ಮಾಡಿಕೊಳ್ಳುತ್ತದೆ. ಕರಕಿ, ಜೋಳ, ಗೋವಿನಜೋಳ, ಕಬ್ಬು ಈ ಎಲ್ಲವೂ ಇಂಗಾಲವನ್ನು ಮೊದಲು ಒಂದು ಕೋಶದಲ್ಲಿ ಕೂಡಿಹಾಕಿ, ಇನ್ನೊಂದು ಕೋಶದ ಕಿಣ್ವಕ್ಕೆ ದಟ್ಟವಾಗಿ ಒದಗಿಸುತ್ತವೆ. ಬಿಸಿಲು ಏರಿದಷ್ಟೂ ಅವಕ್ಕೆ ಹುರುಪು. ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಕರಕಿಯನ್ನು ಅದರ ಆಫ್ರಿಕದ ದಾಯಾದಿಯೊಂದಿಗೆ ಕೂಡಿಸಿ 1956ರಲ್ಲಿ ಟಿಫ್‌ಗ್ರೀನ್ ತಳಿಯನ್ನು ಹೊರತಂದರು. ಆ ಮಿಶ್ರತಳಿಗೆ ಬೀಜ ಕಟ್ಟುವುದಿಲ್ಲ. ಗಿಣ್ಣಿನ ತುಂಡುಗಳನ್ನೇ ನೆಟ್ಟು ಹಬ್ಬಿಸಬೇಕು. ನಮ್ಮ ಕುಂಟಿ ಪುಕ್ಕಟೆ ಮಾಡುವ ಕೆಲಸ ಅಲ್ಲಿ ಒಂದು ಉದ್ಯಮ.

ಮೇಯುವ ಬಾಯಿ ಇಲ್ಲವಾದರೆ ಏನಾಗುತ್ತದೆ? ಹೀತ್‌ನಲ್ಲಿ ಬರ್ಚ್, ಪೈನ್ ಸಸಿಗಳು ಎದ್ದು ಕೆಲವೇ ದಶಕಗಳಲ್ಲಿ ಕಾಡಾಗುತ್ತದೆ. ಉಳಿದದ್ದನ್ನು ಉತ್ತರು, ಮನೆ ಕಟ್ಟಿದರು, ಅರಣ್ಯ ಇಲಾಖೆಯವರು ಪೈನ್ ನೆಟ್ಟರು. 1800ರಿಂದ ಈಚೆಗೆ ಇಂಗ್ಲೆಂಡಿನ ತಗ್ಗುನಾಡಿನ ಹೀತ್‌ನಲ್ಲಿ ಶೇ 80ಕ್ಕೂ ಹೆಚ್ಚು ಭಾಗ ಕಾಣೆಯಾಗಿದೆ. ಉಳಿದ ಚೂರುಗಳಲ್ಲಿ ಕೆಲವು ಉಳಿದದ್ದು ಗಾಲ್ಫ್ ಆಡುವವರ ಹಟದಿಂದ. ನತ್ತಿಂಗ ಹಕ್ಕಿಗಳಿಗೆ ಅಲ್ಲಿ ಗೂಡಿಡುವ ನೆಲ ಸಿಕ್ಕಿದೆ. 1888ರಲ್ಲಿ ಶುರುವಾದ ರಾಯಲ್ ಆಷ್‌ಡೌನ್ ಫಾರೆಸ್ಟ್ ಎಂಬ ಹೀತ್ ಮೈದಾನದಲ್ಲಿ, ಚೆಂಡಿಗೆ ಅಡ್ಡಿಯಾಗಿ ತೋಡುವ ಮರಳುಗುಂಡಿ ಇವತ್ತಿಗೂ ಒಂದೇ ಒಂದು ಇಲ್ಲ. ಅದು ಊರವರಿಗೆ ಮೇಯಿಸುವ ಹಕ್ಕಿರುವ ಸಾಮೂಹಿಕ ನೆಲವಾದ್ದರಿಂದ ಮನಬಂದಂತೆ ಅಗೆಯಲು ಬಿಡಲಿಲ್ಲ.

ನಮ್ಮಲ್ಲಿ ಅಂಥ ಹಟ ಮಾಡುವವರು ಕಡಿಮೆ. ಸರ್ಕಾರಿ ನಕ್ಷೆಗಳಲ್ಲಿ ಕುರುಚಲು, ಹುಲ್ಲುಗಾವಲು ಎಲ್ಲ ‘ಬಂಜರು’ ಪಟ್ಟಿಗೆ ಸೇರಿ, ಬಂಜರಾದ ಮೇಲೆ ನೀಲಗಿರಿ ನೆಡುವುದೇ ಪರಿಹಾರ ಎಂದಾಯಿತು. ಪಕ್ಕದ ರಾಣೆಬೆನ್ನೂರಿನಲ್ಲಿ 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಇದೆ. ಅದರ ಬಹುಭಾಗ ನೀಲಗಿರಿ ತೋಪು. ಬಯಲಿನಲ್ಲಿ ಓಡಿ ಬದುಕುವ ಚಿಗರಿಗೆ ತೋಪಿನ ನೆರಳಿನಿಂದ ಏನು ಉಪಯೋಗ? ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರೆಭೂತ ಹಕ್ಕಿ ಈಗಿಲ್ಲ. ಗಿಡ ನೆಡುವುದೆಲ್ಲ ಪುಣ್ಯದ ಕೆಲಸವಲ್ಲ ಎಂದು ಹೇಳಿದರೆ ಜನ ಇವತ್ತಿಗೂ ಹುಬ್ಬೇರಿಸುತ್ತಾರೆ.

ಶಿಗ್ಗಾಂವ ತಾಲೂಕಿನಲ್ಲೇ ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ಇದೆ, ಬಂಕಾಪುರದ ಕೋಟೆ. ನಗರೇಶ್ವರ ಗುಡಿಯ ಕಂಬಗಳನ್ನು ನೋಡಲು ಹೋದವರು ಸುತ್ತಲಿನ ನೆಲವನ್ನು ಗಮನಿಸುವುದು ಕಡಿಮೆ. ಕೋಟೆಯೊಳಗೆ ಪಶುಸಂಗೋಪನಾ ಇಲಾಖೆಯ ಖಿಲಾರಿ ದನಗಳ ತಳಿ ಕೇಂದ್ರವಿದೆ. ದನಗಳಿಗಾಗಿ ಮೇವು, ಹುಲ್ಲು ಉಳಿಯಿತು. ಕಂದಕದ ಸುತ್ತ ಮುಳ್ಳುಕಂಟಿ ಉಳಿಯಿತು. ಬಯಲಿನಲ್ಲಿ ಹುಳು, ಕಾಳು ಹೆಕ್ಕಿ, ಕಂಟಿಯಲ್ಲಿ ಅಡಗುವ ನವಿಲಿಗೆ ಬೇಕಾದದ್ದು ಈ ಎರಡೂ. 2006ರಲ್ಲಿ ಅದನ್ನು ನವಿಲುಧಾಮವೆಂದು ಘೋಷಿಸಲಾಯಿತು. ಯಾರೂ ನವಿಲಿಗಾಗಿ ಯೋಜನೆ ಮಾಡಿರಲಿಲ್ಲ, ದನಕ್ಕಾಗಿ ಕಾದ ನೆಲವೇ ನವಿಲನ್ನೂ ಸಾಕಿತು.

ಪ್ರತಿ ವರ್ಷ ಜೂನ್ 5ರ ಪರಿಸರ ದಿನಕ್ಕೆ ನಮ್ಮ ಪಂಚಾಯಿತಿಗಳು ಸಸಿ ನೆಡಲು ಖಾಲಿ ಜಾಗ ಹುಡುಕುತ್ತವೆ, ಮೊದಲು ಕಣ್ಣಿಗೆ ಬೀಳುವುದು ಗಾಯರಾಣ. ರಸ್ತೆ ಬದಿಗೆ, ಶಾಲೆಯ ಅಂಗಳಕ್ಕೆ, ಕೆರೆ ದಂಡೆಗೆ ಬೇಕಾದಷ್ಟು ಗಿಡ ನೆಡಿ. ಗಾಯರಾಣವನ್ನು ಮಾತ್ರ ಹುಲ್ಲಿಗೂ ಕುರಿಗೂ ಬಿಡಿ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ಠರಾವಿನಲ್ಲಿ ಬರೆಸಿ.