ಗೋದಲಿಯ ಎತ್ತು, ಗೋಕಾಕದ ಕೊಟ್ಟಿಗೆ

ಗೋಕಾಕ ಎಂದೊಡನೆ ಕರಾವಳಿಯ ನಮಗೆ ನೆನಪಾಗುವುದು ಕರದಂಟು ಮತ್ತು ಘಟಪ್ರಭೆಯ ಜಲಪಾತ. ಅದರಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾದ ಮೂಡಲಗಿಯನ್ನಾಗಲಿ, ಪಕ್ಕದ ಹುಕ್ಕೇರಿಯನ್ನಾಗಲಿ ನಮ್ಮಲ್ಲಿ ನೋಡಿದವರು ಕಡಿಮೆ. 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯದ ಈ ಭಾಗದಲ್ಲಿ ಕ್ರೈಸ್ತರ ಸಂಖ್ಯೆ ದೊಡ್ಡದೇನಲ್ಲ. ಆದರೂ ಪವಿತ್ರ ಬೈಬಲಿನ ಅನೇಕ ಪುಟಗಳು ನಮ್ಮ ಊರಿನವರಿಗಿಂತ ಅಲ್ಲಿಯ ರೈತನಿಗೆ ಬೇಗ ಅರ್ಥವಾಗುತ್ತವೆ. ಕಾರಣ ಸರಳ: ಬೈಬಲನ್ನು ಬರೆದವರ ಮನೆಬಾಗಿಲಲ್ಲಿ ಇದ್ದ ಪ್ರಾಣಿಗಳು ಅವನ ಮನೆಬಾಗಿಲಲ್ಲಿ ಇಂದಿಗೂ ಇವೆ.

‘ಗೋದಲಿ’ ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ನಮಗೆ ಗೋದಲಿ ಎಂದರೆ ಡಿಸೆಂಬರ್ ತಿಂಗಳಲ್ಲಿ ಕಟ್ಟುವ, ನಕ್ಷತ್ರ ತೂಗುವ, ಬಹುಮಾನಕ್ಕಾಗಿ ಸ್ಪರ್ಧೆಯನ್ನೂ ನಡೆಸುವ ಒಂದು ಅಲಂಕಾರ. ಗೋಕಾಕದ ಕಡೆ ಮನೆಮಾತಿನಲ್ಲಿ ‘ಗ್ವಾದಲಿ’ ಎಂದರೆ ದನಗಳಿಗೆ ಮೇವು ಹಾಕುವ ಜಾಗ, ಅಷ್ಟೆ. ಸಂತ ಲೂಕನ ಶುಭಸಂದೇಶ ಹೇಳುವ ಗೋದಲಿಯೂ ಅದೇ. ಅಲ್ಲಿ ಎತ್ತು, ಕತ್ತೆಗಳ ಉಲ್ಲೇಖವಿಲ್ಲ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಅವು ಬಂದದ್ದು ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ. ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಯಜಮಾನನ ಗೋದಲಿಯನ್ನೂ ಬಲ್ಲವು, ನನ್ನ ಜನರು ಮಾತ್ರ ನನ್ನನ್ನು ಅರಿಯರು ಎಂಬುದು ಅಲ್ಲಿ ದೇವರ ದೂರು. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೋ ಎಂಬಲ್ಲಿ ಕ್ರಿಸ್ತಜಯಂತಿಯ ರಾತ್ರಿ ಜೀವಂತ ಎತ್ತು ಮತ್ತು ಕತ್ತೆಯನ್ನು ತಂದು ನಿಲ್ಲಿಸಿದರು. ನಮ್ಮ ಗೋದಲಿಯ ಮಣ್ಣಿನ ಎತ್ತಿಗೆ ಇಷ್ಟು ಉದ್ದದ ಇತಿಹಾಸವಿದೆ. ಆ ಎತ್ತು ಗೊಂಬೆಯಲ್ಲ, ನಮ್ಮ ಮೇಲಿನ ಒಂದು ಆಪಾದನೆ ಎಂಬುದನ್ನು ನಾವು ಮರೆತಿದ್ದೇವೆ.

ಆ ಸೀಮೆಯ ಖಿಲಾರಿ ಎತ್ತನ್ನು ಕಂಡವರಿಗೆ ಯೆಶಾಯನ ಮಾತಿಗೆ ವ್ಯಾಖ್ಯಾನ ಬೇಡ. ಬಿಳಿಯ ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು, ಚುರುಕು ನಡಿಗೆ. ಅಪರಿಚಿತರು ಹತ್ತಿರ ಹೋದರೆ ತಲೆ ಕೊಡವುತ್ತದೆ. ಸಾಕಿದವನ ದನಿ ಕೇಳಿದರೆ ಕಿವಿ ನಿಮಿರಿಸುತ್ತದೆ. ಒಕ್ಕಲುತನದ ಮನೆಗಳಲ್ಲಿ ಅದಕ್ಕೊಂದು ಮರ್ಯಾದೆಯೂ ಇದೆ: ಸೋಮವಾರ ಎತ್ತು ಹೂಡುವುದಿಲ್ಲ. ಸೋಮವಾರ ಬಸವಣ್ಣನ ವಾರವೆಂಬುದು ಅಲ್ಲಿಯ ನಂಬಿಕೆ. ಇದನ್ನು ಕೇಳಿದ ಕ್ರೈಸ್ತನಿಗೆ ವಿಮೋಚನಕಾಂಡದ 23ನೇ ಅಧ್ಯಾಯ ನೆನಪಾಗಬೇಕು. ಏಳನೆಯ ದಿನ ಕೆಲಸ ನಿಲ್ಲಿಸಬೇಕು ಎನ್ನುವ ಆಜ್ಞೆ ಅಲ್ಲಿ ಮೊದಲು ಹೆಸರಿಸುವುದೇ ಎತ್ತು, ಕತ್ತೆಗಳ ವಿಶ್ರಾಂತಿಯನ್ನು. ದಾಸಿಯ ಮಗನೂ ಪರದೇಶಿಯೂ ಅನಂತರ ಬರುತ್ತಾರೆ. ಭಾನುವಾರವೆಂದರೆ ಒಂದು ಗಂಟೆಯ ಬಲಿಪೂಜೆ ಎಂದಷ್ಟೇ ತಿಳಿದಿರುವ ನಾವು, ಆ ದಿನ ನಮಗಾಗಿ ದುಡಿಯುವವರ ದಣಿವಿನ ಬಗ್ಗೆ ಎಷ್ಟು ಯೋಚಿಸುತ್ತೇವೆ?

ಇನ್ನೊಂದು ವಾಕ್ಯವಿದೆ, ಅದರ ವಿಷಯದಲ್ಲಿ ಬೋಧಕರಲ್ಲೂ ಗೊಂದಲವಿದೆ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಎಂದು ಧರ್ಮೋಪದೇಶಕಾಂಡ (25:4) ವಿಧಿಸುತ್ತದೆ. ಉತ್ತರ ಕರ್ನಾಟಕದಲ್ಲಿ ಹಂತಿ ಎಂದರೆ ಇದೇ ಕೆಲಸ. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ಹರಡಿದ ತೆನೆಯ ಮೇಲೆ ಸುತ್ತಿಸುತ್ತಿದ್ದರು. ರಾತ್ರಿಯಿಡೀ ಹಂತಿಪದ ಹಾಡುತ್ತಿದ್ದರು. ಯಂತ್ರ ಬಂದ ಮೇಲೆ ಹಂತಿ ಅಪರೂಪವಾಗಿದೆ. ಕಾಲ ಕೆಳಗೆ ಜೋಳದ ರಾಶಿ, ಬಾಯಿಗೆ ಬಿಗಿದ ಬಲೆ: ಹಸಿದ ಎತ್ತಿಗೆ ಇದಕ್ಕಿಂತ ದೊಡ್ಡ ಹಿಂಸೆ ಬೇಕೇ? ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ (9:9) ಈ ನಿಯಮವನ್ನು ಎತ್ತಿಕೊಂಡು, ದೇವರ ಚಿಂತೆ ಎತ್ತಿನ ಕುರಿತೋ ಎಂದು ಕೇಳುತ್ತಾರೆ. ಶುಭಸಂದೇಶ ಸಾರುವವನಿಗೂ ಊಟದ ಹಕ್ಕಿದೆ ಎನ್ನುವುದು ಅವರ ವಾದ. ಇದರಿಂದ ದೇವರಿಗೆ ಎತ್ತಿನ ಚಿಂತೆಯೇ ಇಲ್ಲ ಎಂದು ಕೆಲವರು ತೀರ್ಮಾನಿಸುವುದುಂಟು. ನನ್ನ ದೃಷ್ಟಿಯಲ್ಲಿ ಅದು ತಪ್ಪು ಓದು. ಎತ್ತಿಗೇ ಹಕ್ಕಿದೆ ಎಂದ ಮೇಲೆ ಮನುಷ್ಯನಿಗೆ ಇಲ್ಲವೇ ಎಂಬುದು ಆ ವಾದದ ಬಲ. ಎತ್ತಿನ ಹಕ್ಕನ್ನು ತೆಗೆದುಬಿಟ್ಟರೆ ಪೌಲರ ವಾದವೇ ಕುಸಿಯುತ್ತದೆ.

ಇದು ಕೇವಲ ಶಾಸ್ತ್ರವಿಚಾರವಲ್ಲ. ಈ ಮೂರೂ ತಾಲೂಕುಗಳು ಕಬ್ಬಿನ ಸೀಮೆ. ಕಬ್ಬು ನುರಿಸುವ ಕಾಲದಲ್ಲಿ ಟ್ರ್ಯಾಕ್ಟರುಗಳ ನಡುವೆ ಎತ್ತಿನ ಗಾಡಿಗಳೂ ಹೊರೆ ಹೊತ್ತು ಕಾರ್ಖಾನೆಯ ದಾರಿ ಹಿಡಿಯುತ್ತವೆ. ಹೊರೆ ಹೆಚ್ಚಿದಷ್ಟೂ ಕೂಲಿ ಹೆಚ್ಚು. ಗಾಡಿಯವನೂ ಸಾಲಗಾರನೇ ಆಗಿರಬಹುದು. ಭಾರ ಎಳೆಯುವ ಪ್ರಾಣಿಗಳ ಬಗ್ಗೆ ನಮ್ಮ ದೇಶದಲ್ಲಿ 1965ರ ನಿಯಮಗಳಿವೆ: ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಸತತ 5 ಗಂಟೆ ಮೀರಬಾರದು, ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಓದಿದವರು ಬಹಳ ಕಡಿಮೆ. ವೈರಿಯ ಕತ್ತೆ ಹೊರೆಯಡಿ ಬಿದ್ದಿದ್ದರೂ ಎಬ್ಬಿಸಲು ನೆರವಾಗು ಎಂಬ ಆಜ್ಞೆ (ವಿಮೋಚನಕಾಂಡ 23:5) ಮಾತ್ರ ನಾವೆಲ್ಲ ಓದಬಲ್ಲ ಪುಸ್ತಕದಲ್ಲಿದೆ. ಅದರಲ್ಲಿ ಕತ್ತೆಯ ಮೇಲಿನ ಕರುಣೆ ಎಷ್ಟಿದೆಯೋ ವೈರಿಯ ಜೊತೆ ಮಾತು ಆರಂಭಿಸುವ ಉಪಾಯವೂ ಅಷ್ಟೇ ಇದೆ.

ಮುಂದೆ ಕುರಿಗಳು. ಕಂಬಳಿ ಹೊದ್ದ ಕುರುಬರು ಡೆಕ್ಕನಿ ಕುರಿಗಳ ಹಿಂಡಿನೊಂದಿಗೆ ಊರೂರು ಸುತ್ತಿ, ರಾತ್ರಿ ರೈತರ ಹೊಲದಲ್ಲಿ ಹಿಂಡು ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರ, ಕುರುಬನಿಗೆ ಕಾಳು ಅಥವಾ ಹಣ. ಬೆತ್ಲೆಹೇಮಿನ ಹೊಲದಲ್ಲಿ ರಾತ್ರಿ ಹಿಂಡು ಕಾಯುತ್ತಿದ್ದವರನ್ನು ಕಣ್ಣಾರೆ ನೋಡಬೇಕೆಂದರೆ ಇಸ್ರಯೇಲಿಗೆ ಹೋಗಬೇಕಾಗಿಲ್ಲ. ಎರಡು ಹಿಂಡುಗಳು ನೀರಿನ ಬಳಿ ಬೆರೆತರೂ ಕುರುಬನ ಕೂಗಿಗೆ ಅವನವೇ ಕುರಿಗಳು ಹೊರಬರುತ್ತವೆ. ಸಂತ ಯೊವಾನ್ನನ ಶುಭಸಂದೇಶದ 10ನೇ ಅಧ್ಯಾಯ ಹೇಳುವುದು ಇದನ್ನೇ.

ಹಕ್ಕಿಗಳನ್ನು ಬಿಡಲಾಗದು. ಧೂಪದಾಳದ ಹಿನ್ನೀರಿನಲ್ಲಿರುವ ಘಟಪ್ರಭಾ ಪಕ್ಷಿಧಾಮ 1974ರಲ್ಲಿ ಘೋಷಣೆಯಾಯಿತು. ಚಳಿಗಾಲದಲ್ಲಿ ಅಲ್ಲಿಗೆ ಬರುವ ವಲಸೆ ಹಕ್ಕಿಗಳಲ್ಲಿ ಯುರೋಪಿನ ಬಿಳಿ ಕೊಕ್ಕರೆ ಹೆಸರಾದದ್ದು. ಇದೇ ಜಾತಿಯ ಹಕ್ಕಿ ವಸಂತದಲ್ಲಿ ಪವಿತ್ರ ನಾಡಿನ ಮೇಲೆ ಹಾದುಹೋಗುತ್ತದೆ. ಆಗಸದ ಕೊಕ್ಕರೆಗೂ ತನ್ನ ಕಾಲ ಗೊತ್ತು ಎಂದು ಪ್ರವಾದಿ ಯೆರೆಮೀಯ (8:7) ನೊಂದು ಹೇಳಿದ್ದು ಆ ವಲಸೆಯನ್ನು ನೋಡಿಯೇ ಇರಬೇಕು.

2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದ ಬೀದಿಗಳೂ ಮೂಡಲಗಿಯ ನದಿತೀರದ ಊರುಗಳೂ ಮುಳುಗಿದವು. ನೆರೆ ಬಂದಾಗ ದನಕರು ಬಿಟ್ಟು ಮನೆಯಿಂದ ಕದಲೆನು ಎನ್ನುವವರನ್ನು ಪೇಟೆಯವರು ಹಠಮಾರಿಗಳೆಂದು ಕರೆಯುವುದುಂಟು. 2022ರಲ್ಲಿ ಚರ್ಮಗಂಟು ರೋಗ ಬಂದು, ದನದ ಸಂತೆಗಳು ನಿಂತು, ಕೊಟ್ಟಿಗೆಗಳಲ್ಲಿ ಎತ್ತು, ಆಕಳುಗಳು ಸತ್ತಾಗಲೂ ಆ ಮನೆಗಳ ದುಃಖ ಬರಿಯ ಲೆಕ್ಕದ ನಷ್ಟವಾಗಿರಲಿಲ್ಲ. ಯೋನನ ಗ್ರಂಥ ಮುಗಿಯುವುದು ದೇವರ ಒಂದು ಪ್ರಶ್ನೆಯಿಂದ: ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿರುವ ನಿನೆವೆಯ ಮೇಲೆ ನಾನು ಕನಿಕರಪಡಬಾರದೇ ಎಂದು. ಆ ಪ್ರಶ್ನೆಯ ಕೊನೆಯ ಪದ ಅಲ್ಲಿಯ ಪಶುಗಳ ಕುರಿತದ್ದು.

ಧರ್ಮಸಭೆಯ ಬೋಧನೆ ಇಲ್ಲಿ ಸಮತೋಲನದ್ದು. ಕಥೋಲಿಕ ಧರ್ಮೋಪದೇಶ ಗ್ರಂಥ (2416-2418) ಪ್ರಾಣಿಗಳನ್ನು ಆಹಾರಕ್ಕೆ, ಕೆಲಸಕ್ಕೆ ಬಳಸುವುದನ್ನು ಒಪ್ಪುತ್ತದೆ. ಅನಾವಶ್ಯಕವಾಗಿ ನೋಯಿಸುವುದು ಮಾನವ ಘನತೆಗೇ ವಿರುದ್ಧ ಎನ್ನುತ್ತದೆ. ಬಡವರ ಕಷ್ಟ ನೀಗಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ ಸಲ್ಲದು ಎನ್ನುತ್ತದೆ. ದಿವಂಗತ ಪೋಪ್ ಫ್ರಾನ್ಸಿಸರು 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಇದನ್ನೇ ಮತ್ತೆ ಒತ್ತಿ ಹೇಳಿದರು.

ಕಾರ ಹುಣ್ಣಿಮೆಯಂದು ಆ ಊರುಗಳಲ್ಲಿ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಮೆರೆಸುತ್ತಾರೆ. ನಮ್ಮಲ್ಲಿಯೂ ಪ್ರಾಣಿಗಳ ಪಾಲಕ ಸಂತ ಅಂತೋಣಿ ಮಠಾಧಿಪತಿಯ ಹಬ್ಬ ಜನವರಿ 17ರಂದು ಬರುತ್ತದೆ. ಇವರು ಪಾದುವದ ಸಂತ ಅಂತೋಣಿಯವರಲ್ಲ. ಧರ್ಮಸಭೆಯ ಆಶೀರ್ವಾದಗಳ ಗ್ರಂಥದಲ್ಲಿ ಪ್ರಾಣಿಗಳ ಆಶೀರ್ವಾದಕ್ಕೆ ಪ್ರತ್ಯೇಕ ವಿಧಿ ಇದೆ. ಗುರುಗಳು ಅಥವಾ ಉಪಯಾಜಕರು ಇಲ್ಲದ ಕಡೆ ಶ್ರೀಸಾಮಾನ್ಯ ಕ್ರೈಸ್ತರೂ ಅದನ್ನು ನಡೆಸಬಹುದು. ದನಗಳನ್ನು ಚರ್ಚಿನ ಅಂಗಳಕ್ಕೆ ಎಳೆತರಬೇಕೆಂದೂ ಇಲ್ಲ, ಕೊಟ್ಟಿಗೆಯಲ್ಲೇ ಆದೀತು.